ನೋಡದೆ ಓಡಿಸುವವರ ನಡುವೆ ಸೈಕಲ್: ಮೈಸೂರು, ಮಂಡ್ಯದ ಸವಾರರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕಡೆ ಸೈಕಲ್ ತುಳಿಯುವವರು ಬಹಳ ಥರದವರು. ನಸುಕಿನಲ್ಲಿ ಡೇರಿಗೆ ಹಾಲು ಹಾಕಲು ಹೋಗುವವರು, ಪೇಪರ್ ಹಾಕುವ ಹುಡುಗರು, ಹೆಬ್ಬಾಳದ ಕಾರ್ಖಾನೆಗಳಿಗೆ ಶಿಫ್ಟ್‌ಗೆ ಹೋಗುವವರು, ಟ್ಯೂಷನ್ ಮಕ್ಕಳು, ಭಾನುವಾರ ಚಾಮುಂಡಿ ಬೆಟ್ಟ ಹತ್ತುವವರು. ಕೇಳುವ ಪ್ರಶ್ನೆಗಳು ಮಾತ್ರ ಹೆಚ್ಚುಕಡಿಮೆ ಒಂದೇ. ಅವುಗಳಿಗೆ ನಮಗೆ ತಿಳಿದ ಮಟ್ಟಿಗೆ ಇಲ್ಲಿ ಉತ್ತರ ಬರೆದಿದ್ದೇವೆ. ದುಬಾರಿ ಸೈಕಲ್ ಇರುವವರಿಗೆ ಎಷ್ಟು ಅನ್ವಯಿಸುತ್ತದೋ, ಕ್ಯಾರಿಯರ್‌ಗೆ ಹುಲ್ಲಿನ ಹೊರೆ ಕಟ್ಟಿಕೊಂಡು ಹೋಗುವವರಿಗೂ ಅಷ್ಟೇ ಅನ್ವಯಿಸಲಿ ಎನ್ನುವುದು ನಮ್ಮ ಆಸೆ.

ನಾನು ಕಣ್ಣೆದುರಿಗೇ ಇರುತ್ತೇನೆ. ಆದರೂ ಡ್ರೈವರ್ "ಕಾಣಲಿಲ್ಲ ಸಾರ್" ಅಂತಾರೆ. ಸುಳ್ಳಲ್ವಾ ಅದು?

ಎಷ್ಟೋ ಸಲ ಅದು ನಿಜವೇ. ಅದಕ್ಕೇ ಭಯ ಜಾಸ್ತಿ.

ಗಾಡಿ ಓಡಿಸುವವರ ಕಣ್ಣು ತಮಗೆ ಗುದ್ದಬಲ್ಲ ವಸ್ತುಗಳನ್ನು ಮೊದಲು ಹುಡುಕುತ್ತದೆ: ಬಸ್ಸು, ಲಾರಿ, ಕಾರು. ಸೈಕಲ್ ಹಿಂದಿನಿಂದ ನೋಡಿದರೆ ಒಂದು ಗೆರೆಯಷ್ಟು ಸಣ್ಣ. ರಸ್ತೆ ಸೇರುವಾಗ ತಲೆಯನ್ನು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಬೇಗ ತಿರುಗಿಸಿದರೆ, ಕಣ್ಣು ಒಂದು ಜಾಗದಿಂದ ಇನ್ನೊಂದಕ್ಕೆ ಹಾರುವ ಆ ಗಳಿಗೆಯಲ್ಲಿ ಏನೂ ದಾಖಲಾಗುವುದಿಲ್ಲ. ನೀವು ಆ ಹಾರಿದ ಜಾಗದಲ್ಲಿದ್ದರೆ, ಅವರು ನೋಡಿಯೂ ನೋಡಿರುವುದಿಲ್ಲ. ಇನ್ನೊಂದು, ಕಾರಿನ ಮುಂದಿನ ಗಾಜಿನ ಎರಡು ಬದಿಗೂ ಇರುವ ದಪ್ಪ ಕಂಬ. ಈಗಿನ ಕಾರುಗಳಲ್ಲಿ ಆ ಕಂಬ ಹಿಂದಿಗಿಂತ ದಪ್ಪ. ದೂರದಲ್ಲಿರುವ ಒಬ್ಬ ಸೈಕಲ್ ಸವಾರನನ್ನು ಪೂರ್ತಿ ಮುಚ್ಚಲು ಅದೊಂದೇ ಸಾಕು.

ಇದರ ಮೇಲೆ ಮೊಬೈಲ್ ಬೇರೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಎರಡು ಸೆಕೆಂಡು ಮೆಸೇಜ್ ನೋಡಿದರೆ 33 ಮೀಟರ್ ಕಣ್ಣು ಮುಚ್ಚಿಕೊಂಡು ಓಡಿಸಿದ ಲೆಕ್ಕ. ಅವರ ಅಭ್ಯಾಸವನ್ನು ನಾವು ರಸ್ತೆಯಲ್ಲಿ ನಿಂತು ತಿದ್ದಲು ಆಗುವುದಿಲ್ಲ. ಅವರ ಕಣ್ಣು ಎಲ್ಲಿ ಬೀಳುತ್ತದೋ ಅಲ್ಲಿಗೆ ನಾವು ಬರಬಹುದು. ಈ ಪುಟದಲ್ಲಿ ಮುಂದೆ ಹೇಳುವುದೆಲ್ಲ ಹೆಚ್ಚುಕಡಿಮೆ ಇದನ್ನೇ.

ಹಾಗಾದರೆ ರಸ್ತೆಯ ಅಂಚಿನಲ್ಲೇ ಹೋಗುವುದು ಒಳ್ಳೆಯದಲ್ವಾ? ಮನೆಯಲ್ಲಿ ಎಲ್ಲರೂ ಅದನ್ನೇ ಹೇಳುತ್ತಾರೆ.

ಮನೆಯವರು ಪ್ರೀತಿಯಿಂದ ಹೇಳುತ್ತಾರೆ. ಆದರೆ ಈ ಸಲಹೆಯನ್ನು ನಾವು ಒಪ್ಪುವುದಿಲ್ಲ.

ನಮ್ಮ ರಸ್ತೆಯ ಅಂಚಿನಲ್ಲಿ ಏನೇನಿರುತ್ತದೆ ನೋಡಿ. ಜಲ್ಲಿ, ಮರಳು, ಗಾಜಿನ ಚೂರು, ಚರಂಡಿಯ ಕಂಬಿ, ಟಾರು ಮುಗಿದು ಮಣ್ಣು ಶುರುವಾಗುವ ಕಡೆ ಅರ್ಧ ಅಡಿ ಇಳಿಜಾರು. ಅಲ್ಲಿ ಚಕ್ರ ಇಳಿದರೆ ಮತ್ತೆ ಮೇಲೆ ಹತ್ತಿಸಲು ಹ್ಯಾಂಡಲ್ ತಿರುಗಿಸುತ್ತೀರಿ, ಬಲಕ್ಕೆ ವಾಲುತ್ತೀರಿ, ಹಿಂದಿನಿಂದ ಬರುವವನ ದಾರಿಗೆ ಬೀಳುತ್ತೀರಿ. ಗುಂಡಿ ಬಂದರೆ ತಪ್ಪಿಸಿಕೊಳ್ಳಲು ಎಡಗಡೆ ಜಾಗವೇ ಇರುವುದಿಲ್ಲ.

ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ನೀವು ಅಂಚಿಗೆ ಅಂಟಿಕೊಂಡಿದ್ದರೆ, ಹಿಂದಿನ ಕಾರಿನವರು "ಪಕ್ಕದಲ್ಲಿ ನುಸುಳಿಬಿಡೋಣ" ಎಂದುಕೊಳ್ಳುತ್ತಾರೆ. ಎದುರಿನಿಂದ ಬಸ್ಸು ಬರುತ್ತಿದ್ದರೂ ಬ್ರೇಕ್ ಹಿಡಿಯುವುದಿಲ್ಲ. ಜಾಗವಿಲ್ಲದ ಕಡೆ ಜಾಗ ಇದೆ ಎಂದು ಅವರಿಗೆ ತೋರಿಸಿದವರು ನೀವೇ ಆಗುತ್ತೀರಿ. ಟಾರಿನ ಅಂಚಿನಿಂದ ಕನಿಷ್ಠ ಒಂದು ಮೀಟರ್ ಒಳಗೆ ಇರಿ. ಕಿರಿದಾದ ಸೇತುವೆ, ರಸ್ತೆ ಕೆಲಸ ನಡೆಯುವ ಜಾಗ, ಗಾಡಿ ಪಕ್ಕದಲ್ಲಿ ಹೋಗಲು ಸಾಧ್ಯವೇ ಇಲ್ಲದ ಓಣಿ, ಇಂಥ ಕಡೆ ಹಿಂದೆ ತಿರುಗಿ ನೋಡಿ, ಕೈ ತೋರಿಸಿ, ಎಡ ಪಥದ ನಡುವಿಗೇ ಬನ್ನಿ. ದಾಟಿದ ಮೇಲೆ ಮತ್ತೆ ಎಡಕ್ಕೆ ಸರಿದು ದಾರಿ ಬಿಡಿ. ಹಾರನ್ ಹೊಡೆಯುತ್ತಾರೆ, ಹೊಡೆಯಲಿ. ಹಾರನ್ ಹೊಡೆದರು ಎಂದರೆ ನೀವು ಅವರಿಗೆ ಕಂಡಿದ್ದೀರಿ.

ಸೈಕಲ್ ದಾಟುವಾಗ ಎಷ್ಟು ಅಂತರ ಬಿಡಬೇಕು ಎಂಬುದಕ್ಕೆ ಜರ್ಮನಿಯಲ್ಲಿ ಕಾನೂನೇ ಇದೆ: ಊರೊಳಗೆ ಒಂದೂವರೆ ಮೀಟರ್, ಊರಾಚೆ ಎರಡು. ನಮ್ಮಲ್ಲಿ ಆ ಅಂತರವನ್ನು ನೀವು ನಿಲ್ಲುವ ಜಾಗದಿಂದಲೇ ಪಡೆಯಬೇಕು.

ಹಗಲಲ್ಲಿ ಯಾವ ಬಣ್ಣದ ಬಟ್ಟೆ ಹಾಕಬೇಕು?

ಮಿಂಚುವ ನಿಂಬೆ ಹಳದಿ, ಮಿಂಚುವ ಕಿತ್ತಳೆ. ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಕಿರಣಗಳನ್ನೂ ಈ ಬಣ್ಣಗಳು ಬೆಳಕಾಗಿ ಮಾಡಿ ಹೊರಗೆ ಬಿಡುತ್ತವೆ. ಅದಕ್ಕೇ ಮೋಡದ ದಿನವೂ, ಮುಸ್ಸಂಜೆಯಲ್ಲೂ ಎದ್ದು ಕಾಣುತ್ತವೆ. ಆದರೆ ಕತ್ತಲಾದ ಮೇಲೆ ಬೀದಿ ದೀಪದ ಕೆಳಗೆ ಆ ಹಳದಿಯ ಶಕ್ತಿ ಮುಗಿಯಿತು. ಹಗಲಿನ ಜಾಕೆಟ್ ರಾತ್ರಿಗೂ ಸಾಕು ಎಂದುಕೊಳ್ಳಬೇಡಿ.

ಇನ್ನೊಂದು ಸ್ಥಳೀಯ ಮಾತು. ಮಂಡ್ಯ ಕಡೆ ನಾಲೆ ಬಯಲಿನಲ್ಲಿ, ಭತ್ತ, ಕಬ್ಬಿನ ಹಸಿರಿನ ಮುಂದೆ ಹಳದಿ ಮಿಶ್ರಿತ ಹಸಿರು ಸ್ವಲ್ಪ ಕರಗಿಹೋಗುತ್ತದೆ. ಅಲ್ಲಿ ಕಿತ್ತಳೆಯೇ ಮೇಲು.

ರಾತ್ರಿಗೆ ರೇಡಿಯಂ ಪಟ್ಟಿ ಸಾಕಾ, ಲೈಟೂ ಬೇಕಾ?

ಎರಡೂ ಬೇಕು. ಎರಡರ ಕೆಲಸ ಬೇರೆ ಬೇರೆ.

ರೇಡಿಯಂ ಪಟ್ಟಿ ತನ್ನ ಮೇಲೆ ಬಿದ್ದ ಬೆಳಕನ್ನು ಬಂದ ದಿಕ್ಕಿಗೇ ವಾಪಸ್ ಕಳಿಸುತ್ತದೆ. ಹೆಡ್‌ಲೈಟ್ ಬಿದ್ದಾಗ ಅದು ಡ್ರೈವರ್ ಕಣ್ಣಿಗೆ ಹೊತ್ತಿಕೊಂಡಂತೆ ಕಾಣುತ್ತದೆ. ಹೆಡ್‌ಲೈಟ್ ಬೀಳದಿದ್ದರೆ ಅದು ಬರೀ ಬೂದು ಬಟ್ಟೆ. ಅಡ್ಡರಸ್ತೆಯಿಂದ ಮುಖ್ಯರಸ್ತೆಗೆ ಸೇರುತ್ತಿರುವ ಕಾರಿನ ದೀಪ ನೇರ ಮುಂದಕ್ಕೆ ಬಿದ್ದಿರುತ್ತದೆ, ನೀವು ಬರುವ ದಿಕ್ಕಿಗೆ ಬಿದ್ದಿರುವುದಿಲ್ಲ. ಅವರಿಗೆ ನೀವು ಕಾಣಬೇಕಾದರೆ ನಿಮ್ಮದೇ ಬೆಳಕು ಇರಬೇಕು.

ಲೆಕ್ಕ ನೋಡಿ. 60 ಕಿ.ಮೀ. ವೇಗದಲ್ಲಿ ಬರುವ ಕಾರು ನಿಮ್ಮನ್ನು ಕಂಡು, ಬ್ರೇಕ್ ಒತ್ತಿ, ನಿಲ್ಲಲು ಒಣ ರಸ್ತೆಯಲ್ಲೂ ಸುಮಾರು 45 ಮೀಟರ್ ಬೇಕು. ಅದರಲ್ಲಿ 25 ಮೀಟರ್ ಬ್ರೇಕ್ ಮೇಲೆ ಕಾಲು ಹೋಗುವಷ್ಟರಲ್ಲೇ ಮುಗಿದಿರುತ್ತದೆ. ಕಪ್ಪು ಬಟ್ಟೆ ಹಾಕಿದವರು ಡಿಪ್ ಲೈಟಿನಲ್ಲಿ ಕಾಣುವುದು ಅದಕ್ಕಿಂತ ತುಂಬಾ ಹತ್ತಿರಕ್ಕೆ ಬಂದ ಮೇಲೆ. ಬಿಳಿ ಬಟ್ಟೆಯವರು ಇನ್ನಷ್ಟು ದೂರದಿಂದ ಕಾಣುತ್ತಾರೆ. ಒಳ್ಳೆಯ ರೇಡಿಯಂ ನೂರು ಮೀಟರಿಗೂ ಆಚೆಯಿಂದ ಕಾಣುತ್ತದೆ. ಉಸಿರು ಉಳಿಯುವುದು ಈ ವ್ಯತ್ಯಾಸದಲ್ಲಿ.

ಪಟ್ಟಿಯನ್ನು ಎಲ್ಲಿ ಹಾಕುತ್ತೀರಿ ಎಂಬುದೂ ಮುಖ್ಯ. ಅಲುಗಾಡುವ ಜಾಗವೇ ಒಳ್ಳೆಯದು: ಕಾಲಿನ ಗಂಟು, ಪೆಡಲ್, ಪಾದದ ಹಿಂಭಾಗ. ಮೇಲೆ ಕೆಳಗೆ ಕುಣಿಯುವ ಎರಡು ಚುಕ್ಕಿ ಕಂಡ ಕೂಡಲೇ "ಇದು ಪೆಡಲ್ ತುಳಿಯುತ್ತಿರುವ ಮನುಷ್ಯ" ಎಂದು ಮೆದುಳು ಗುರುತಿಸುತ್ತದೆ. ಬೆನ್ನಿನ ಮೇಲಿನ ನಿಂತ ಪಟ್ಟಿ ಬೋರ್ಡೂ ಆಗಿರಬಹುದು, ಕಂಬವೂ ಆಗಿರಬಹುದು. ಡಿಪ್ ಲೈಟು ಮೊದಲು ಬೀಳುವುದೂ ಕೆಳಗೇ.

ಎಷ್ಟು ಪವರ್ ಲೈಟ್ ಬೇಕು? ಮಿಣುಕಿಸಬೇಕಾ, ಒಂದೇ ಸಮನೆ ಉರಿಸಬೇಕಾ?

ಮುಂದೆ ಬಿಳಿ, ಹಿಂದೆ ಕೆಂಪು. ಇದನ್ನು ಅದಲು ಬದಲು ಮಾಡಬೇಡಿ, ನೀಲಿ ಹಸಿರು ಹಾಕಬೇಡಿ. ನೀವು ಬರುತ್ತಿದ್ದೀರೋ ಹೋಗುತ್ತಿದ್ದೀರೋ ಎಂಬುದು ಬಣ್ಣದಿಂದಲೇ ತಿಳಿಯಬೇಕು. ಸರಸ್ವತಿಪುರಂ, ಕುವೆಂಪುನಗರದಂಥ ದೀಪವಿರುವ ಬೀದಿಗಳಲ್ಲಿ ಮುಂದಿನ ಲೈಟು 100 ಲ್ಯೂಮೆನ್ (ಬೆಳಕಿನ ಪ್ರಮಾಣದ ಅಳತೆ) ಇದ್ದರೆ ಕಾಣಿಸಿಕೊಳ್ಳಲು ಸಾಕು. ಬನ್ನೂರು ರಸ್ತೆ, ನಾಲೆ ಏರಿ, ಹಳ್ಳಿ ದಾರಿಗಳಲ್ಲಿ ಗುಂಡಿ ನಿಮಗೇ ಕಾಣಬೇಕಲ್ಲ, ಅಲ್ಲಿ 300ರಿಂದ 500 ಲ್ಯೂಮೆನ್ ಬೇಕು. ಅದನ್ನು ಎದುರಿನವರ ಕಣ್ಣಿಗೆ ಹೊಡೆಯದಂತೆ ರಸ್ತೆಯ ಕಡೆಗೆ ಬಾಗಿಸಿ.

ಮಿಣುಕು ದೀಪ ಬೇಗ ಗಮನ ಸೆಳೆಯುತ್ತದೆ. ಆದರೆ ಕತ್ತಲಲ್ಲಿ ಮಿಣುಕು ಮಾತ್ರ ಇದ್ದರೆ ಸೈಕಲ್ ಎಷ್ಟು ದೂರದಲ್ಲಿದೆ, ಎಷ್ಟು ವೇಗದಲ್ಲಿದೆ ಎಂದು ಅಂದಾಜಿಗೆ ಸಿಗುವುದಿಲ್ಲ. ಹಗಲಿಗೆ, ಮುಸ್ಸಂಜೆಗೆ ಮಿಣುಕು, ಪೂರ್ತಿ ಕತ್ತಲಿಗೆ ಒಂದೇ ಸಮನೆ ಉರಿಯುವ ದೀಪ. ಹಿಂದೆ ಎರಡು ಕೆಂಪು ದೀಪ ಹಾಕಲು ಆದರೆ ಒಂದನ್ನು ಮಿಣುಕಿಸಿ, ಇನ್ನೊಂದನ್ನು ಉರಿಸಿ. ಒಂದರ ಬ್ಯಾಟರಿ ದಾರಿಯಲ್ಲಿ ಮುಗಿದರೂ ಇನ್ನೊಂದು ಇರುತ್ತದೆ. ಹಿಂದಿನ ಲೈಟು ಆರಿದ್ದು ತುಳಿಯುವವರಿಗೆ ಗೊತ್ತೇ ಆಗುವುದಿಲ್ಲ ಎಂಬುದನ್ನು ಮರೆಯಬೇಡಿ.

ದಸರಾ ಸಮಯದಲ್ಲಿ ಇನ್ನೂ ಎಚ್ಚರ ಬೇಕು. ಅರಮನೆ ಸುತ್ತಲಿನ ರಸ್ತೆಗಳಲ್ಲಿ ಸಾವಿರಾರು ಬಲ್ಬುಗಳ ನಡುವೆ ನಿಮ್ಮ ಸಣ್ಣ ದೀಪ ಕಳೆದುಹೋಗುತ್ತದೆ. ಕಾರಿನವರೂ ತಲೆ ಎತ್ತಿ ದೀಪಾಲಂಕಾರ ನೋಡುತ್ತಾ ಓಡಿಸುತ್ತಿರುತ್ತಾರೆ. ಆ ಹತ್ತು ದಿನ ಸಂಜೆ ಒಳರಸ್ತೆ ಹಿಡಿಯಿರಿ.

ಲೈಟಿಗೆ ಅಷ್ಟು ದುಡ್ಡು ಹಾಕಲು ಆಗಲ್ಲ. ಅಪ್ಪ ದಿನಾ ಬೆಳಿಗ್ಗೆ ಹಾಲು ಹಾಕಲು ಹಳೇ ಸೈಕಲ್‌ನಲ್ಲಿ ಹೋಗುತ್ತಾರೆ.

ಈ ಪುಟದಲ್ಲಿ ನಮಗೆ ಅತಿ ಮುಖ್ಯ ಅನಿಸುವ ಪ್ರಶ್ನೆ ಇದು. ನಸುಕಿನ ಐದೂವರೆಗೆ ಕ್ಯಾನ್ ಕಟ್ಟಿಕೊಂಡು ಹೊರಡುವವರ ಬಳಿ ಹೆಚ್ಚಾಗಿ ಏನೂ ಇರುವುದಿಲ್ಲ. ಅದೇ ಹೊತ್ತಿಗೆ ರಾತ್ರಿಯಿಡೀ ಓಡಿಸಿ ಕಣ್ಣು ಎಳೆಯುತ್ತಿರುವ ಡ್ರೈವರ್‌ಗಳೂ ರಸ್ತೆಯಲ್ಲಿರುತ್ತಾರೆ.

ಆಟೊಮೊಬೈಲ್ ಅಂಗಡಿಗೆ ಹೋಗಿ ಲಾರಿಗಳಿಗೆ ಅಂಟಿಸುವ ಕೆಂಪು ರೇಡಿಯಂ ಟೇಪು ಕೇಳಿ. ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತಾರೆ. ಹಿಂದಿನ ಮಡ್‌ಗಾರ್ಡ್ ಒರೆಸಿ ಒಣಗಿಸಿ ಒಂದು ಉದ್ದ ಪಟ್ಟಿ, ಹಾಲಿನ ಕ್ಯಾನಿನ ಸುತ್ತ ಒಂದು, ಪೆಡಲ್‌ಗಳ ಹಿಂದೆ ಸಣ್ಣ ತುಂಡು, ಮುಂದಿನ ಫೋರ್ಕಿಗೆ ಬಿಳಿ ಟೇಪು. ಚಕ್ರದ ಕಡ್ಡಿಗಳಿಗೂ ಸ್ವಲ್ಪ ಸುತ್ತಿ. ಪಕ್ಕದಿಂದ ಬರುವವರಿಗೆ ತಿರುಗುವ ಚಕ್ರವೇ ಕಾಣುತ್ತದೆ. ಆಮೇಲೆ ಒಂದು ಅಗ್ಗದ ಕೆಂಪು ಎಲ್‌ಇಡಿ. ಹಳೇ ಡೈನಮೋ ಅಟ್ಟದ ಮೇಲೆ ಬಿದ್ದಿದ್ದರೆ ಇಳಿಸಿ, ವೈರ್ ಬದಲಿಸಿ ಹಾಕಿಸಿ. ಅದಕ್ಕೆ ಬ್ಯಾಟರಿ ಖರ್ಚೇ ಇಲ್ಲ. ಒಂದೇ ಕೊರತೆ, ನಿಂತಾಗ ಅದು ಆರುತ್ತದೆ. ಅದಕ್ಕೇ ರೇಡಿಯಂ ಜೊತೆಗಿರಲಿ.

ಕಟ್ಟಿದ ಹೊರೆ ಹಿಂದಿನ ದೀಪವನ್ನು ಮುಚ್ಚುತ್ತಿದೆಯಾ ಎಂದು ಒಮ್ಮೆ ಹಿಂದೆ ನಿಂತು ನೋಡಿ. ಹುಲ್ಲಿನ ಹೊರೆ, ಹೊದ್ದ ಶಾಲು, ಶಾಲೆಯ ಬ್ಯಾಗು, ಇವು ಮೂರೂ ಲೈಟು ಮುಚ್ಚುವುದು ಸಾಮಾನ್ಯ. ಹಾಗಾದರೆ ದೀಪವನ್ನೇ ಹೊರೆಯ ಹಿಂದಕ್ಕೆ ಕಟ್ಟಿ.

ಬಿಸಿಲು ಕಣ್ಣಿಗೆ ಹೊಡೆಯುವ ಹೊತ್ತಿನಲ್ಲಿ?

ಹುಣಸೂರು ರಸ್ತೆ, ಬೋಗಾದಿ ರಸ್ತೆ ಪಶ್ಚಿಮಕ್ಕೆ ಹೋಗುತ್ತವೆ. ಸಂಜೆ ಆಫೀಸು ಬಿಟ್ಟು ಆ ಕಡೆ ಹೊರಟವರೆಲ್ಲ ಸೂರ್ಯನನ್ನೇ ನೋಡುತ್ತಾ ಓಡಿಸುತ್ತಾರೆ. ನಿಮ್ಮ ನೆರಳನ್ನು ಗಮನಿಸಿ. ಅದು ಯಾವ ಕಡೆಗೆ ಉದ್ದವಾಗಿ ಬಿದ್ದಿದೆಯೋ ಆ ಕಡೆಯಿಂದ ಬರುವವರಿಗೆ ನೀವು ಕಾಣುವುದಿಲ್ಲ. ನೆರಳು ಹಿಂದೆ ಬಿದ್ದಿದ್ದರೆ ಹಿಂದಿನವರಿಗೆ, ಮುಂದೆ ಬಿದ್ದಿದ್ದರೆ ಎದುರಿನವರಿಗೆ. ಆ ಅರ್ಧ ಗಂಟೆ ಒಂದು ಕಾಫಿ ಕುಡಿದು ಹೊರಟರೆ ಏನೂ ನಷ್ಟವಿಲ್ಲ.

ಮೈಸೂರಿನ ಸರ್ಕಲ್‌ಗಳನ್ನು ದಾಟುವುದೇ ಕಷ್ಟ. ಹೇಗೆ ಹೋಗಬೇಕು?

ಮೈಸೂರಿನಲ್ಲಿ ಸರ್ಕಲ್ ತಪ್ಪಿಸಿ ಎಲ್ಲಿಗೂ ಹೋಗಲು ಆಗುವುದಿಲ್ಲ. ಹಾರ್ಡಿಂಜ್ ಸರ್ಕಲ್, ಕೆ.ಆರ್. ಸರ್ಕಲ್, ರಾಮಸ್ವಾಮಿ ಸರ್ಕಲ್, ಆಯುರ್ವೇದಿಕ್ ಸರ್ಕಲ್. ಎಷ್ಟೋ ಜನ ಸರ್ಕಲ್‌ನ ಹೊರ ಅಂಚು ಹಿಡಿದು ಸುತ್ತುತ್ತಾರೆ. ಅಲ್ಲೇ ಅಪಾಯ. ನಿಮ್ಮ ಬಲಕ್ಕಿರುವ ಕಾರು ಎಡಕ್ಕೆ ಹೊರಬೀಳುವಾಗ ನೇರ ನಿಮ್ಮನ್ನು ಕತ್ತರಿಸುತ್ತದೆ.

ಸರ್ಕಲ್ ಬರುವ ಮೊದಲೇ ಹಿಂದೆ ತಿರುಗಿ ನೋಡಿ. ತಲೆ ತಿರುಗಿಸುವುದೇ ಒಂದು ಸಂಕೇತ, "ಇವರು ಏನೋ ಮಾಡಲಿದ್ದಾರೆ" ಎಂದು ಹಿಂದಿನವರಿಗೆ ತಿಳಿಯುತ್ತದೆ. ಕೈ ಚಾಚಿ, ಪಥದ ನಡುವಿಗೆ ಬಂದು, ಒಂದು ಗಾಡಿಯ ಹಿಂದೆ ಇನ್ನೊಂದು ಗಾಡಿಯಾಗಿ ಸುತ್ತಿ. ನಿಮ್ಮ ದಾರಿ ಬರುವಾಗ ಎಡಗೈ ತೋರಿಸಿ ಹೊರಬನ್ನಿ. ಒಳಗೆ ನುಗ್ಗುವವರ ಗಾಜಿನಲ್ಲಿ ಅವರ ಮುಖ ನೋಡಿ. ಕಣ್ಣಿಗೆ ಕಣ್ಣು ಸೇರಿದರೂ ಪೂರ್ತಿ ನಂಬಬೇಡಿ, ಮುಂದಿನ ಚಕ್ರ ನೋಡಿ. ಗಾಡಿ ನಿಂತಿದೆಯೋ ಉರುಳುತ್ತಿದೆಯೋ ಎಂದು ಚಕ್ರವೇ ಹೇಳುತ್ತದೆ.

ಧೈರ್ಯ ಸಾಲದಿದ್ದರೆ ಇಳಿದು, ಜೀಬ್ರಾ ಪಟ್ಟೆಯಲ್ಲಿ ಸೈಕಲ್ ತಳ್ಳಿಕೊಂಡು ದಾಟಿ. ನಾಚಿಕೆಪಡುವಂಥದ್ದು ಏನೂ ಇಲ್ಲ. ರಿಂಗ್ ರೋಡಿನ ಸಿಗ್ನಲ್‌ಗಳಲ್ಲಿ ಬಲಕ್ಕೆ ತಿರುಗುವುದಾದರೆ ಎರಡು ಹಂತದಲ್ಲಿ ಹೋಗಿ: ಮೊದಲು ಎಡದಲ್ಲೇ ನೇರ ದಾಟಿ ನಿಲ್ಲಿ, ಆ ಕಡೆಯ ಹಸಿರು ಬಂದಾಗ ಮತ್ತೆ ನೇರ ಹೋಗಿ. ಒಂದು ನಿಮಿಷ ಜಾಸ್ತಿ ಹಿಡಿಯುತ್ತದೆ, ಅಷ್ಟೇ.

ನಿಂತಿರುವ ಕಾರು, ಆಟೊ, ಸಿಟಿ ಬಸ್ಸು?

ಕಾರಿನ ಬಾಗಿಲು ತೆರೆದರೆ ಸುಮಾರು ಒಂದು ಮೀಟರ್ ರಸ್ತೆಗೆ ಚಾಚುತ್ತದೆ. ದೇವರಾಜ ಅರಸು ರಸ್ತೆಯಂಥ ಅಂಗಡಿ ಬೀದಿಗಳಲ್ಲಿ ಸಾಲಾಗಿ ನಿಂತ ಕಾರುಗಳಿಂದ ಒಂದೂಕಾಲು ಮೀಟರ್ ದೂರವೇ ಹೋಗಿ. ಎರಡು ಕಾರುಗಳ ನಡುವೆ ಖಾಲಿ ಜಾಗ ಸಿಕ್ಕಿತೆಂದು ಎಡಕ್ಕೆ ನುಸುಳಿ ಮತ್ತೆ ಹೊರಗೆ ಬರುವುದು ಬೇಡ. ಪ್ರತಿ ಸಲ ಹೊರಬರುವಾಗಲೂ ನೀವು ಹಿಂದಿನವರಿಗೆ ಹೊಸದಾಗಿ, ದಿಢೀರನೆ ಕಾಣುತ್ತೀರಿ. ನೇರ ಗೆರೆಯಲ್ಲಿ ಹೋಗುವವರನ್ನು ತಪ್ಪಿಸುವುದು ಎಂಥ ಡ್ರೈವರ್‌ಗೂ ಸುಲಭ.

ಆಟೊ ಮುಂದಿದ್ದರೆ, ಪಕ್ಕದಲ್ಲಿ ಯಾರಾದರೂ ಕೈ ಎತ್ತಿದ್ದಾರಾ ನೋಡಿ. ಎತ್ತಿದ್ದರೆ ಆಟೊ ಈಗ ಎಡಕ್ಕೆ ಎಳೆಯುತ್ತದೆ. ಬಸ್ಸಿನ ಎಡಕ್ಕೆ ಮಾತ್ರ ಯಾವತ್ತೂ ನುಗ್ಗಬೇಡಿ. ಬಸ್ಸು, ಲಾರಿ ಎಡಕ್ಕೆ ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರದ ದಾರಿಯಲ್ಲಿ ಬರುವುದಿಲ್ಲ, ಇನ್ನೂ ಒಳಗೆ ಕತ್ತರಿಸಿಕೊಂಡು ಬರುತ್ತದೆ. ಆ ಜಾಗದಲ್ಲಿ ಇದ್ದವರು ಡ್ರೈವರ್‌ನ ಕನ್ನಡಿಯಲ್ಲೂ ಕಾಣುವುದಿಲ್ಲ. ಅವರ ಕನ್ನಡಿಯಲ್ಲಿ ಅವರ ಮುಖ ನಿಮಗೆ ಕಾಣದಿದ್ದರೆ ನೀವೂ ಅವರಿಗೆ ಕಾಣುತ್ತಿಲ್ಲ.

ಮಂಡ್ಯ ಕಡೆ ಕಬ್ಬಿನ ಟ್ರ್ಯಾಕ್ಟರ್‌ಗಳ ಕಾಟ. ಏನು ಮಾಡುವುದು?

ಕಬ್ಬು ಅರೆಯುವ ಕಾಲದಲ್ಲಿ ಮಂಡ್ಯದ ಮೈಷುಗರ್, ಕೊಪ್ಪ, ಕೆ.ಎಂ. ದೊಡ್ಡಿ, ಪಾಂಡವಪುರ, ಈ ಕಾರ್ಖಾನೆಗಳ ದಾರಿಯಲ್ಲಿ ಮತ್ತು ಆಲೆಮನೆಗಳ ಸುತ್ತ ಟ್ರ್ಯಾಕ್ಟರ್, ಎತ್ತಿನ ಗಾಡಿಗಳ ಸಾಲು. ಒಂದು ಟ್ರ್ಯಾಕ್ಟರ್‌ಗೆ ಎರಡು ಟ್ರೇಲರ್. ಮುಂದಿನದು ದಾಟಿತು ಎಂದು ರಸ್ತೆಗೆ ಬಂದರೆ ಹಿಂದಿನದು ಬಾಲ ಬೀಸುತ್ತಾ ಬರುತ್ತದೆ. ಲೋಡಿನಿಂದ ಹೊರಗೆ ಚಾಚಿದ ಜಲ್ಲೆಗಳು ಟ್ರೇಲರ್‌ನ ಅಗಲಕ್ಕಿಂತ ಒಂದೆರಡು ಅಡಿ ಆಚೆಗಿರುತ್ತವೆ, ಸರಿಯಾಗಿ ಮುಖದ ಎತ್ತರಕ್ಕೆ. ಡ್ರೈವರ್‌ಗೆ ಹಿಂದೆ ಏನೂ ಕಾಣುವುದಿಲ್ಲ. ಟೇಪ್ ಜೋರಾಗಿ ಹಾಕಿಕೊಂಡಿದ್ದರೆ ನಿಮ್ಮ ಬೆಲ್ಲೂ ಕೇಳುವುದಿಲ್ಲ.

ಟ್ರ್ಯಾಕ್ಟರ್ ದಾಟಿ ಬಂದರೆ ಪೆಡಲ್ ನಿಲ್ಲಿಸಿ, ಎರಡೂ ಟ್ರೇಲರ್ ಹೋಗುವವರೆಗೆ ವೇಗ ಇಳಿಸಿ. ಮಣ್ಣಿಗೆ ಇಳಿದು ನಿಲ್ಲಬೇಕಾದರೆ ನಿಲ್ಲಿ. ನೀವು ಅದನ್ನು ದಾಟುವುದು ಏರಿನಲ್ಲಿ ಮಾತ್ರ ಸಾಧ್ಯ, ಅಲ್ಲೂ ಬೇಡ ಎನ್ನುತ್ತೇವೆ. ಲೋಡಾದ ಟ್ರೇಲರ್ ಏರಿನಲ್ಲಿ ಹಿಂದಕ್ಕೆ ಜಾರುವುದುಂಟು.

ರಾತ್ರಿ ಹಿಂದಿನ ದೀಪವೇ ಇಲ್ಲದ ಟ್ರೇಲರ್ ರಸ್ತೆ ಬದಿ ನಿಂತಿರುತ್ತದೆ. ಅದಕ್ಕೆ ನೀವೇ ಹೋಗಿ ಗುದ್ದಬಾರದು ಎಂದೇ ಹಳ್ಳಿ ರಸ್ತೆಗೆ 300 ಲ್ಯೂಮೆನ್ ಹೇಳಿದ್ದು. ಆಲೆಮನೆಯವರು, ಟ್ರ್ಯಾಕ್ಟರ್ ಮಾಲೀಕರು ಪರಿಚಯವಿದ್ದರೆ, "ಅಣ್ಣ, ಟ್ರೇಲರ್ ಹಿಂದೆ ಒಂದು ರೇಡಿಯಂ ಹಚ್ಚಿಸಿ" ಎಂದು ಕೇಳಿ. ಎದುರಿಗೆ ಕೇಳಿದರೆ ಹಚ್ಚಿಸುತ್ತಾರೆ.

ರಸ್ತೆ ಮೇಲೆ ಒಕ್ಕಣೆ ಹಾಕಿದ್ದರೆ?

ಇಳಿದು ತಳ್ಳಿಕೊಂಡು ಹೋಗಿ. ಹುರುಳಿ, ರಾಗಿ ಹುಲ್ಲಿನ ಮೇಲೆ ತೆಳು ಟೈರು ನಿಲ್ಲುವುದಿಲ್ಲ, ಕಾಳಿನ ಮೇಲಂತೂ ಜಾರಿಯೇ ಜಾರುತ್ತದೆ. ಹುಲ್ಲು ಚೈನಿಗೆ, ಹಿಂದಿನ ಗೇರಿಗೆ ಸುತ್ತಿಕೊಂಡರೆ ಚಕ್ರ ಹಿಡಿದುಬಿಡುತ್ತದೆ. ಒಕ್ಕಣೆ ಅರ್ಧ ರಸ್ತೆ ಹಿಡಿದಾಗ ಎದುರಿನ ಕಾರುಗಳು ನಿಮ್ಮ ಕಡೆಗೇ ಬರುತ್ತವೆ, ಅದನ್ನು ಮೊದಲೇ ಲೆಕ್ಕ ಹಾಕಿ. ನಿಲ್ಲಿಸಿ ಹೋಗುವವರನ್ನು ರೈತರು ಬೈಯುವುದಿಲ್ಲ, ಜರುಗಿ ದಾರಿ ಮಾಡಿಕೊಡುತ್ತಾರೆ.

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಸೈಕಲ್ ಹೋಗಬಹುದಾ?

ಮುಖ್ಯ ಹೆದ್ದಾರಿಯಲ್ಲಿ ಇಲ್ಲ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಈ ರಸ್ತೆಯಲ್ಲಿ ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್ ಜೊತೆಗೆ ಮೋಟಾರಿಲ್ಲದ ವಾಹನಗಳಿಗೂ ನಿಷೇಧವಿದೆ. ನಿಮಗೆ ಸರ್ವೀಸ್ ರಸ್ತೆ, ಇಲ್ಲವೇ ಊರೊಳಗಿನ ಹಳೇ ರಸ್ತೆ.

ಸರ್ವೀಸ್ ರಸ್ತೆ ಸುರಕ್ಷಿತ ಎಂದು ಮೈಮರೆಯಬೇಡಿ. ಅಲ್ಲಿ ಎರಡು ಜಾಗ ಕೆಟ್ಟವು. ಒಂದು, ಹೆದ್ದಾರಿಯಿಂದ ಗಾಡಿಗಳು ಇಳಿಯುವ ಬಾಯಿ. ಗಂಟೆಗೆ 100ರಲ್ಲಿ ಬಂದವರಿಗೆ 60 ಎಂದರೆ ನಿಂತಂತೆಯೇ ಅನಿಸುತ್ತದೆ. ತಾವು ನಿಧಾನ ಮಾಡಿದ್ದೇವೆ ಎಂದುಕೊಂಡೇ ವೇಗವಾಗಿ ನುಗ್ಗುತ್ತಾರೆ. ಆ ಬಾಯಿ ಬರುವ ಮೊದಲೇ ಹಿಂದೆ ಬಲಕ್ಕೆ ನೋಡಿ, ಅನುಮಾನವಿದ್ದರೆ ನಿಂತು ಬಿಡಿ. ಇನ್ನೊಂದು, ರಾಂಗ್ ಸೈಡ್ ಬರುವ ಬೈಕುಗಳು. ದೂರದ ಅಂಡರ್‌ಪಾಸ್ ತನಕ ಸುತ್ತುವುದು ಬೇಡವೆಂದು ನಿಮ್ಮ ಎದುರಿಗೇ, ನಿಮ್ಮ ಎಡ ಅಂಚಿನಲ್ಲೇ ಬರುತ್ತವೆ. ಅಂಡರ್‌ಪಾಸ್ ಒಳಗೆ ಕತ್ತಲು, ಮಳೆ ಬಂದರೆ ನೀರು. ಹಗಲಲ್ಲೂ ದೀಪ ಹಾಕಿಕೊಂಡೇ ಒಳಗೆ ಹೋಗಿ.

ನಾನೂ ಸ್ವಲ್ಪ ದೂರ ರಾಂಗ್ ಸೈಡ್ ಹೋದರೆ? ಎದುರಿನ ಗಾಡಿ ಕಾಣುತ್ತದಲ್ವಾ?

ಬೇಡ. ನಿಮಗೆ ಅವರು ಕಾಣುತ್ತಾರೆ, ಅಡ್ಡರಸ್ತೆಯಿಂದ ಎಡಕ್ಕೆ ಹೊರಬರುವವರು ಮಾತ್ರ ನಿಮ್ಮ ಕಡೆ ನೋಡುವುದೇ ಇಲ್ಲ. ಎದುರೆದುರು ಬಂದರೆ ಇಬ್ಬರ ವೇಗವೂ ಕೂಡುತ್ತದೆ.

ಮಂಜು, ಮಳೆ?

ಚಳಿಗಾಲದಲ್ಲಿ ಕಾವೇರಿ ದಂಡೆ, ನಾಲೆ ಬಯಲು, ಶ್ರೀರಂಗಪಟ್ಟಣದ ಆಸುಪಾಸು ಬೆಳಿಗ್ಗೆ ದಟ್ಟ ಮಂಜು ಕಟ್ಟುತ್ತದೆ. ಮಂಜಿನಲ್ಲಿ ಕಾರಿನವರು ಎಡಗಡೆಯ ಬಿಳಿ ಗೆರೆ ನೋಡಿಕೊಂಡು ಓಡಿಸುತ್ತಾರೆ. ನೀವೂ ಅದೇ ಗೆರೆಯ ಮೇಲಿರುತ್ತೀರಿ. ಹತ್ತು ಹದಿನೈದು ಮೀಟರ್ ಆಚೆ ಕಾಣದ ದಿನ ನಿಂತುಬಿಡಿ, ಮಂಜು ಕರಗಲಿ. ನಾಲೆ ಏರಿಯ ದಾರಿಗಳಲ್ಲಿ ಎಷ್ಟೋ ಕಡೆ ತಡೆಗೋಡೆಯೇ ಇಲ್ಲ. ಅಲ್ಲಿ ಗಾಡಿಗೆ ದಾರಿ ಬಿಡಬೇಕಾದರೆ ನೀರಿನ ಕಡೆಗೆ ಸರಿಯಬೇಡಿ, ನಿಂತು ಕಾಲೂರಿ.

ಬೇಸಿಗೆಯ ಕೊನೆಗೆ ಬರುವ ಮೊದಲ ಮಳೆಯಲ್ಲಿ ರಸ್ತೆಯ ಎಣ್ಣೆ, ಧೂಳು ಸೇರಿ ಜಾರುತ್ತದೆ. ರಿಮ್ ಬ್ರೇಕ್ ಒದ್ದೆಯಾದರೆ ಹಿಡಿಯಲು ತಡವಾಗುತ್ತದೆ. ಆಗಾಗ ಮೆಲ್ಲಗೆ ಒತ್ತಿ ನೀರು ಒರೆಸಿಕೊಳ್ಳುತ್ತಿರಿ. ಮಳೆ ಕೋಟು ಕಪ್ಪು, ಕಡುನೀಲಿ ಬೇಡ, ಹಳದಿ ತೆಗೆದುಕೊಳ್ಳಿ. ನೀರು ನಿಂತ ಕಡೆ ಗುಂಡಿ ಎಷ್ಟು ಆಳವೋ ತಿಳಿಯದು, ಮುಂದಿನ ಬೈಕು ಹೇಗೆ ಇಳಿಯಿತು ನೋಡಿ ಹೋಗಿ.

ಹೆಲ್ಮೆಟ್ ಕಡ್ಡಾಯವಾ?

ಸೈಕಲ್‌ಗೆ ಕಡ್ಡಾಯವಿಲ್ಲ. ಹಾಕಿಕೊಳ್ಳಿ. ಹುಬ್ಬಿನಿಂದ ಎರಡು ಬೆರಳು ಮೇಲಕ್ಕೆ, ಹಣೆ ಮುಚ್ಚುವ ಹಾಗೆ ಸಮನಾಗಿ ಕೂರಬೇಕು. ಗಲ್ಲದ ಪಟ್ಟಿಯ ಒಳಗೆ ಎರಡು ಬೆರಳು ಹಿಡಿಸಬೇಕು. ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್ ನೋಡಲು ಚೆನ್ನಾಗಿದ್ದರೂ ಬಿಸಾಡಿ, ಒಳಗಿನ ಥರ್ಮೋಕೋಲ್ ಪದರ ತಡೆಯುವುದು ಒಂದೇ ಒಂದು ಪೆಟ್ಟನ್ನು. ಆದರೆ ಹೆಲ್ಮೆಟ್ ಬಿದ್ದ ಮೇಲೆ ಕಾಪಾಡುವ ವಸ್ತು. ಬೀಳದಂತೆ ಕಾಪಾಡುವುದು ದೀಪ, ಬ್ರೇಕು, ನೀವಿರುವ ಜಾಗ. ಇಯರ್‌ಫೋನ್ ಮಾತ್ರ ಎರಡೂ ಕಿವಿಗೆ ಬೇಡವೇ ಬೇಡ. ಹಿಂದಿನ ಗಾಡಿಯ ಸದ್ದೇ ನಿಮ್ಮ ಮೊದಲ ಎಚ್ಚರಿಕೆ.

ಮಗಳು ಸೈಕಲ್‌ನಲ್ಲಿ ಸ್ಕೂಲಿಗೆ ಹೋಗುತ್ತೇನೆ ಅಂತಾಳೆ. ಕಳಿಸಬಹುದಾ?

ಕಳಿಸಬಹುದು, ತಯಾರಿ ಮಾಡಿ. ನಮ್ಮ ಸರ್ಕಾರ 2006-07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದಾಗ, ಹಳ್ಳಿಗಳ ಎಷ್ಟೋ ಹೆಣ್ಣುಮಕ್ಕಳಿಗೆ ಹೈಸ್ಕೂಲಿನ ದಾರಿ ತೆರೆಯಿತು. ಮೈಸೂರಿನಲ್ಲಿ 2017ರಲ್ಲಿ ಟ್ರಿಣ್ ಟ್ರಿಣ್ ಎಂಬ ಬಾಡಿಗೆ ಸೈಕಲ್ ವ್ಯವಸ್ಥೆ ಬಂದಾಗ 450 ಸೈಕಲ್, 48 ನಿಲ್ದಾಣಗಳಿದ್ದವು. ಸೈಕಲ್ ಸಿಗುತ್ತದೆ. ಸುರಕ್ಷಿತ ದಾರಿಯನ್ನು ಮಾತ್ರ ನಾವೇ ಹುಡುಕಬೇಕಾಗಿದೆ, ಅದು ಬೇಸರದ ಸಂಗತಿ.

ಮೊದಲು ಭಾನುವಾರ ನೀವೂ ಜೊತೆಗೆ ಅದೇ ದಾರಿಯಲ್ಲಿ ಹೋಗಿ. ಹತ್ತಿರದ ದಾರಿಗಿಂತ ಒಳರಸ್ತೆಯ ಸುತ್ತು ದಾರಿ ಆರಿಸಿ. ಆಮೇಲೆ ಶಾಲೆಯ ದಿನವೇ, ಅದೇ ಹೊತ್ತಿಗೆ ಇನ್ನೊಮ್ಮೆ ಹೋಗಿ. ಭಾನುವಾರದ ರಸ್ತೆಯೇ ಬೇರೆ. ನೀವು ಹಿಂದೆ, ಸ್ವಲ್ಪ ಬಲಕ್ಕೆ ಇರಿ. ಎಲ್ಲಿ ನಿಲ್ಲಬೇಕು, ಎಲ್ಲಿ ಇಳಿದು ತಳ್ಳಬೇಕು ಎಂದು ಅವಳೇ ಹೇಳಲಿ. ನೇರ ಹೋಗುತ್ತಾ ಹಿಂದೆ ತಿರುಗಿ ನೋಡುವುದು, ಒಂದು ಕೈ ಬಿಟ್ಟು ತುಳಿಯುವುದು, ಇವೆರಡನ್ನೂ ಖಾಲಿ ಮೈದಾನದಲ್ಲಿ ಕಲಿಸಿ. ಇವು ಬಾರದ ಮಗುವನ್ನು ಮುಖ್ಯರಸ್ತೆಗೆ ಬಿಡಬೇಡಿ. ಬೆಳೆಯುತ್ತಾಳೆ ಎಂದು ದೊಡ್ಡ ಸೈಕಲ್ ಕೊಡಿಸಬೇಡಿ, ಕಾಲು ನೆಲಕ್ಕೆ ಸಿಗಬೇಕು. ವೇಲು, ಲಂಗ ಚಕ್ರಕ್ಕೆ ಸಿಗದಂತೆ ಕಟ್ಟಿಕೊಳ್ಳಲಿ. ಬ್ಯಾಗಿನ ಹಿಂದೆ ರೇಡಿಯಂ ಹೊಲಿಸಿ.

ಡ್ರೈವರ್ ಬೇಕಂತಲೇ ತಾಗಿಸಿಕೊಂಡು ಹೋದರೆ, ಬೈದರೆ?

ಸಿಟ್ಟು ಬರುತ್ತದೆ, ನ್ಯಾಯವೇ. ಆದರೆ ಅಟ್ಟಿಸಿಕೊಂಡು ಹೋಗಬೇಡಿ, ಕಿಟಕಿ ತಟ್ಟಬೇಡಿ. ಅವರ ಕೈಯಲ್ಲಿ ಒಂದು ಟನ್ ಕಬ್ಬಿಣವಿದೆ. ಪಕ್ಕಕ್ಕೆ ನಿಂತು, ಗಾಡಿ ನಂಬರು, ಬಣ್ಣ, ಜಾಗ, ಸಮಯ ಬರೆದಿಟ್ಟುಕೊಳ್ಳಿ. ಬೆದರಿಸುತ್ತಿದ್ದಾರೆ ಅನಿಸಿದರೆ ಜನ ಇರುವ ಅಂಗಡಿ ಮುಂದೆ ನಿಂತು 112ಕ್ಕೆ ಕರೆ ಮಾಡಿ.

ಗುದ್ದಿದರೆ ಏನು ಮಾಡಬೇಕು? ನನಗೆ ಇನ್ಶೂರೆನ್ಸ್ ಇಲ್ಲ.

ನಿಮಗೆ ಬೇಕಿಲ್ಲ. ಸೈಕಲ್‌ಗೆ ಲೈಸೆನ್ಸೂ ಇಲ್ಲ, ವಿಮೆಯೂ ಇಲ್ಲ. ಗುದ್ದಿದ ಗಾಡಿಯ ವಿಮೆಯಿಂದ ಪರಿಹಾರ ಕೇಳುವ ಹಕ್ಕು ನಿಮಗಿದೆ. ಮೊದಲು 108. ಎದ್ದು ನಿಂತು "ಏನೂ ಆಗಿಲ್ಲ, ಹೋಗಿ ಅಣ್ಣ" ಎಂದು ಕಳಿಸಬೇಡಿ. ತಲೆಯ ಪೆಟ್ಟು, ಒಳಗಿನ ಪೆಟ್ಟು ಗಂಟೆಗಳ ನಂತರ ಗೊತ್ತಾಗುತ್ತದೆ. ಗಾಡಿ ನಂಬರ್ ಪ್ಲೇಟು, ಬಿದ್ದ ಸೈಕಲ್, ರಸ್ತೆ, ಎಲ್ಲದರ ಫೋಟೊ ತೆಗೆಸಿ. ನೋಡಿದವರ ಫೋನ್ ನಂಬರು ಪಡೆಯಿರಿ. ಆಸ್ಪತ್ರೆಯಲ್ಲಿ ರಸ್ತೆ ಅಪಘಾತ ಎಂದೇ ಬರೆಸಿ. ಪೊಲೀಸ್ ದೂರು ಕೊಡಿ. ಪರಿಹಾರದ ಅರ್ಜಿ ಮೋಟಾರು ಅಪಘಾತ ನ್ಯಾಯಮಂಡಳಿಗೆ. ಕಾನೂನು ಕೊಡುವ ಅವಧಿ ಆರು ತಿಂಗಳು, ಕೊನೆಯ ತನಕ ಕಾಯಬೇಡಿ.

2025ರ ಮೇ ತಿಂಗಳಿಂದ, ಮೋಟಾರು ವಾಹನದಿಂದ ಪೆಟ್ಟಾದವರಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ 1.5 ಲಕ್ಷ ರೂಪಾಯಿ ತನಕ ನಗದಿಲ್ಲದೆ ಚಿಕಿತ್ಸೆ ಸಿಗುವ ಕೇಂದ್ರದ ಯೋಜನೆ ಇದೆ. ಆಸ್ಪತ್ರೆಗೆ ಹೋದ ಕೂಡಲೇ ಕೇಳಿ. ಗುದ್ದಿ ಓಡಿಹೋದ ಗಾಡಿ ಸಿಗದೇ ಹೋದರೂ ತೀವ್ರ ಗಾಯಕ್ಕೆ 50,000, ಸಾವಾದರೆ ಕುಟುಂಬಕ್ಕೆ 2 ಲಕ್ಷ ರೂಪಾಯಿ ಪರಿಹಾರವಿದೆ.

ದಾರಿಯಲ್ಲಿ ಬಿದ್ದವರನ್ನು ಕಂಡರೆ "ಪೊಲೀಸ್ ಕೇಸು ಮೈಮೇಲೆ ಬರುತ್ತದೆ" ಎಂದು ಹೆದರಿ ಹೋಗಬೇಡಿ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 134ಎ ಕಲಂ ಸಹಾಯ ಮಾಡಿದವರಿಗೆ ರಕ್ಷಣೆ ಕೊಡುತ್ತದೆ. ಸಾಕ್ಷಿಯಾಗಲೇಬೇಕು ಎಂಬ ಒತ್ತಾಯವೂ ಇಲ್ಲ.

ನಾನು ಸೈಕಲ್ಲೂ ತುಳಿಯುತ್ತೇನೆ, ಕಾರೂ ಓಡಿಸುತ್ತೇನೆ. ಕಾರಿನಲ್ಲಿದ್ದಾಗ ಏನು ಮಾಡಲಿ?

ಕೇಳಿದ್ದಕ್ಕೆ ಸಂತೋಷ. ಸೈಕಲ್ ದಾಟುವಾಗ ಪೂರ್ತಿ ಪಕ್ಕದ ಪಥಕ್ಕೆ ಹೋಗಿ ದಾಟಿ, ಜಾಗವಿಲ್ಲದಿದ್ದರೆ ಹಿಂದೆಯೇ ಬನ್ನಿ. ಸೈಕಲ್ ದಾಟಿದ ಕೂಡಲೇ ಎಡಕ್ಕೆ ತಿರುಗಬೇಡಿ. ಹತ್ತಿರ ಬಂದು ಹಾರನ್ ಒತ್ತಬೇಡಿ, ಬೆಚ್ಚಿದವರು ಹ್ಯಾಂಡಲ್ ಎಳೆಯುತ್ತಾರೆ. ಒತ್ತುವುದಿದ್ದರೆ ದೂರದಿಂದ ಒಮ್ಮೆ, ಸಣ್ಣಗೆ. ಎದುರಿಗೆ ಬರುವುದು ಬರೀ ಸೈಕಲ್ ಆದರೂ ಹೈ ಬೀಮ್ ಇಳಿಸಿ. ಆ ಬೆಳಕಿಗೆ ಅವರಿಗೆ ಗುಂಡಿ ಕಾಣುವುದಿಲ್ಲ. ಗುಂಡಿಯ ಮೊದಲು, ಹಂಪಿನ ಮೊದಲು ಸೈಕಲ್ ಬಲಕ್ಕೆ ಸರಿಯುತ್ತದೆ ಎಂದು ಮೊದಲೇ ಲೆಕ್ಕವಿಟ್ಟುಕೊಳ್ಳಿ.

ನಿಂತ ಮೇಲೆ ಬಾಗಿಲನ್ನು ಎಡಗೈಯಿಂದ ತೆರೆಯಿರಿ. ಸ್ಟಿಯರಿಂಗ್ ಬಲಕ್ಕಿರುವ ನಮ್ಮ ಕಾರುಗಳಲ್ಲಿ ಹಾಗೆ ಮಾಡಿದರೆ ಮೈ ತಾನಾಗಿ ತಿರುಗುತ್ತದೆ, ಹಿಂದಿನ ರಸ್ತೆ ಕಣ್ಣಿಗೆ ಬೀಳುತ್ತದೆ. ಎಡಗಡೆ ಕೂತವರು ಬಲಗೈ ಬಳಸಲಿ. ಹಿಂದೆ ಕೂರುವ ಮಕ್ಕಳಿಗೂ ಇದನ್ನೇ ಅಭ್ಯಾಸ ಮಾಡಿಸಿ.